ಕುದುರೆಗೂ ಒಂದು ಬೋಗಿ

ನಮ್ಮಪ್ಪನ ಹತ್ತಿರ ಒಂದು ಹಳೇ ಸ್ಕೂಟರ್ ಇತ್ತು. ಇಳಿಜಾರು ಬಂದರೆ ಸಾಕು, ಎಂಜಿನ್ ಆಫ್. ಗಾಡಿ ಸದ್ದಿಲ್ಲದೆ ಜಾರುತ್ತಿತ್ತು. ಹಿಂದೆ ಕೂತ ನನಗೆ ಗಾಳಿಯ ಸುಯ್ ಸುಯ್ ಬಿಟ್ಟರೆ ಬೇರೇನೂ ಕೇಳುತ್ತಿರಲಿಲ್ಲ. "ಪುಕ್ಕಟೆ ಸಿಗೋದನ್ನ ಯಾಕೋ ಬಿಡ್ಬೇಕು?" ಎನ್ನುತ್ತಿದ್ದರು ಅಪ್ಪ.

ಇದೇ ಲೆಕ್ಕಾಚಾರದಲ್ಲಿ ರೈಲನ್ನೇ ಓಡಿಸಿದವರಿದ್ದಾರೆ. ಬ್ರಿಟನ್ನಿನ ವೇಲ್ಸ್‌ನಲ್ಲಿ, 1836ರಲ್ಲಿ. ಬ್ಲೈನೈ ಫೆಸ್ಟಿನಿಯಾಗ್ ಎಂಬ ಊರಿನ ಸುತ್ತ ಗುಡ್ಡದ ಮೇಲೆ ಸ್ಲೇಟಿನ ಗಣಿಗಳು. ಕೆಳಗೆ ಸುಮಾರು 21 ಕಿಲೋಮೀಟರ್ ದೂರದಲ್ಲಿ ಪೋರ್ತ್‌ಮಡಾಗ್ ಬಂದರು. ಕಲ್ಲು ಹಡಗು ಹತ್ತಬೇಕು, ಅಷ್ಟೇ ಕೆಲಸ.

ಸ್ಲೇಟು ಅಂದರೆ ನಾವು ಒಂದನೇ ಕ್ಲಾಸಿನಲ್ಲಿ ಎಂಜಲು ಹಚ್ಚಿ ಒರೆಸಿದೆವಲ್ಲ, ಅದೇ ಜಾತಿಯ ಕಲ್ಲು. ಅಲ್ಲಿನವರು ಅದನ್ನು ತೆಳ್ಳಗೆ ಸೀಳಿ ಮನೆಗೆ ಹೊದಿಸುತ್ತಿದ್ದರು, ನಾವು ಹೆಂಚು ಹೊದಿಸಿದ ಹಾಗೆ. ಅಳತೆಗೊಂದು ಹೆಸರು ಬೇರೆ: ಡಚೆಸ್, ಕೌಂಟೆಸ್, ಲೇಡಿ. ಇಡೀ ರಾಣಿವಾಸವೇ ಸೂರಿನ ಮೇಲೆ ಕೂತು ಮಳೆಯಲ್ಲಿ ನೆನೆಯುತ್ತಿತ್ತು!

ಹಳಿಗಳ ನಡುವಿನ ಅಂತರ ಎರಡು ಅಡಿಗೆ ಅರ್ಧ ಇಂಚು ಕಮ್ಮಿ. ನಮ್ಮ ಬ್ರಾಡ್‌ಗೇಜ್ ಐದೂವರೆ ಅಡಿ. ಅದರೊಳಗೆ ಇಂಥವು ಎರಡು ಜೊತೆ ಹಿಡಿಸುತ್ತವೆ. ಹಳಿ ಕಿರಿದಾದಷ್ಟೂ ಗುಡ್ಡದ ಸೊಂಟ ಸುತ್ತಿ ತಿರುಗುವುದು ಸುಲಭ, ಖರ್ಚೂ ಕಮ್ಮಿ.

ಜಾಣತನ ಇದ್ದದ್ದು ಇಳಿಜಾರಿನಲ್ಲಿ. ಮೇಲಿಂದ ಕೆಳಕ್ಕೆ ಹದವಾಗಿ, ಸರಾಸರಿ 80 ಅಡಿಗೆ ಒಂದು ಅಡಿಯಂತೆ. ಕಲ್ಲು ತುಂಬಿದ ಬಂಡಿಗಳ ಸಾಲನ್ನು ಬಿಟ್ಟರೆ ಸಾಕು, ತಾನೇ ಉರುಳಿ ಬರುತ್ತಿತ್ತು. ಬ್ರೇಕಿಗೆ ಕೆಲವರು ಆಳುಗಳು ಮೇಲೆ ಕೂತಿರುತ್ತಿದ್ದರು. ಒಂದೂವರೆ ಗಂಟೆಯಲ್ಲಿ ಕೆಳಗೆ. ಖಾಲಿ ಬಂಡಿಗಳನ್ನು ವಾಪಸ್ ಎಳೆಯುವುದು ಮಾತ್ರ ಕುದುರೆಗಳ ಪಾಲು. ಅದಕ್ಕೆ ಹೆಚ್ಚುಕಮ್ಮಿ ಆರು ಗಂಟೆ.

ಆದರೆ ಮೇಲೆ ಹೋದ ಕುದುರೆ ಕೆಳಗೆ ಬರಬೇಕಲ್ಲ? ನಡೆಸಿಕೊಂಡು ಬಂದರೆ ದಂಡ. ಅದಕ್ಕೇ ಅದಕ್ಕೊಂದು ಬಂಡಿ ಮಾಡಿ ರೈಲಿನ ಹಿಂದೆ ಸಿಕ್ಕಿಸಿದರು. 'ಡ್ಯಾಂಡಿ' ಅಂತ ಹೆಸರು. ಕುದುರೆ ಅದರಲ್ಲಿ ನಿಂತು ಹುಲ್ಲು ಮೆಲ್ಲುತ್ತಾ ಘಾಟಿ ಇಳಿಯುತ್ತಿತ್ತು. ರೈಲು ಎಳೆಯುವ ಪ್ರಾಣಿಯೇ ರೈಲಿನ ಪ್ಯಾಸೆಂಜರ್! ಮನುಷ್ಯರಿಗೆ ಅಲ್ಲಿ ಅಧಿಕೃತವಾಗಿ ಸೀಟು ಸಿಕ್ಕಿದ್ದು 1865ರಲ್ಲಿ. ಅಂದರೆ ಕುದುರೆಯೇ ಸೀನಿಯರ್.

1863ರಲ್ಲಿ ಉಗಿ ಎಂಜಿನ್ ಬಂತು. ಕುದುರೆಗೆ ನಿವೃತ್ತಿ. 1869ರಲ್ಲಿ ಬಂದ 'ಲಿಟಲ್ ವಂಡರ್' ಅಂತೂ ಎರಡೂ ಕಡೆ ಮುಖವಿದ್ದ ಎಂಜಿನ್. ಅದರ ಓಟ ನೋಡಲು ರಷ್ಯಾದಿಂದೆಲ್ಲ ಜನ ಬಂದರು. ಇಷ್ಟಾದರೂ ಇಳಿಜಾರಿನ ಪುಕ್ಕಟೆ ಓಟವನ್ನು ಮಾತ್ರ ಬಿಡಲಿಲ್ಲ, 1939ರವರೆಗೂ ಕಲ್ಲು ತಾನಾಗೇ ಉರುಳಿ ಬಂತು. ಅಪ್ಪ ಕೇಳಿದ್ದರೆ ಖುಷಿಪಡುತ್ತಿದ್ದರು.

1946ರಲ್ಲಿ ರೈಲು ನಿಂತಿತು. ಹಳಿ ಕಿತ್ತು ಗುಜರಿಗೆ ಹಾಕೋಣವೆಂದರೆ, ಇದನ್ನು ಕಟ್ಟಲು ಮಾಡಿದ್ದ ಹಳೇ ಕಾನೂನಿನಲ್ಲಿ ಮುಚ್ಚುವುದು ಹೇಗೆ ಅಂತ ಬರೆದೇ ಇರಲಿಲ್ಲ! ಹಳಿಗಳ ಮೇಲೆ ಪೊದೆ ಬೆಳೆಯಿತು, ಹಳಿ ಅಲ್ಲೇ ಉಳಿಯಿತು. ಆಮೇಲೆ ರೈಲು ಹುಚ್ಚಿನ ಜನ ಸೇರಿಕೊಂಡು 1955ರಲ್ಲಿ ಒಂದು ತುಂಡು ಶುರುಮಾಡಿದರು. ನಡುವೆ ಹಳಿಯ ಒಂದಷ್ಟು ಭಾಗ ವಿದ್ಯುತ್ ಯೋಜನೆಯ ನೀರಿನಲ್ಲಿ ಮುಳುಗಿತ್ತು. ಸಂಬಳವಿಲ್ಲದ ಸ್ವಯಂಸೇವಕರೇ ಗುದ್ದಲಿ ಹಿಡಿದು ಸುತ್ತುಬಳಸಿನ ಹೊಸ ದಾರಿ ಅಗೆದರು. 1982ರಲ್ಲಿ ಮತ್ತೆ ಬ್ಲೈನೈ ಮುಟ್ಟಿದರು.

ನನಗೆ ಮಾತ್ರ ಆ ಕುದುರೆಯದೇ ನೆನಪು. ಯಾಕೆಂದರೆ ನಮ್ಮ ಸ್ಕೂಟರಿಗೆ ಏರು ಬಂದರೆ ಏದುಸಿರು. ಆಗ ಅಪ್ಪ ಹಿಂತಿರುಗಿ, "ಇಳಿಯೋ, ಸ್ವಲ್ಪ ತಳ್ಳು" ಎನ್ನುತ್ತಿದ್ದರು.