ಹಲ್ಲಿನ ರಬ್ಬರ್ ಬ್ಯಾಂಡ್ ಬರೀ ಮಕ್ಕಳ ಕೆಲಸವಲ್ಲ

ಹಲ್ಲಿಗೆ ಕ್ಲಿಪ್ ಹಾಕಿಸಿಕೊಂಡ ಮಕ್ಕಳು ರಬ್ಬರ್ ಬ್ಯಾಂಡ್ ಸರಿಯಾಗಿ ಹಾಕಿಕೊಳ್ಳುವುದಿಲ್ಲ, ಸೋಮಾರಿಗಳು ಅಂತ ಎಲ್ಲರೂ ಬೈಯುತ್ತಾರೆ. ನಮ್ಮ ಮನೆಯಲ್ಲೂ ಈಗ ಕ್ಲಿಪ್ ಹಾಕಿಸಿಕೊಂಡ ಹುಡುಗಿ ಇದ್ದಾಳೆ, ಒಂಬತ್ತನೇ ಕ್ಲಾಸು. ಅವಳನ್ನು ನೋಡುತ್ತಾ ನನಗೆ ಅನಿಸಿರುವುದು ಬೇರೆ. ಬ್ಯಾಂಡ್ ತೆಗೆಯುವುದು ಮಕ್ಕಳ ಕೈ ಇರಬಹುದು, ತೆಗೆಸುವವರು ಸುತ್ತ ಇರುವ ದೊಡ್ಡವರು.

ಮೊದಲು ಈ ಬ್ಯಾಂಡ್ ಏನು ಅಂತ ಹೇಳಿಬಿಡುತ್ತೇನೆ. ಕ್ಲಿಪ್ಪಿನ ಸುತ್ತ ನೀಲಿ, ಗುಲಾಬಿ ಬಣ್ಣದ ಸಣ್ಣ ಉಂಗುರಗಳು ಕಾಣುತ್ತವಲ್ಲ, ಅವಲ್ಲ. ಅವನ್ನು ಡಾಕ್ಟರೇ ಹಾಕುತ್ತಾರೆ, ಡಾಕ್ಟರೇ ಬದಲಿಸುತ್ತಾರೆ. ನಾನು ಹೇಳುತ್ತಿರುವುದು ಮೇಲಿನ ಸಾಲಿಗೂ ಕೆಳಗಿನ ಸಾಲಿಗೂ ನಡುವೆ ಎಳೆದು ಸಿಕ್ಕಿಸುವ ಬ್ಯಾಂಡ್. ನನ್ನ ಮಗಳಿಗೆ ಮೇಲಿನ ಹಲ್ಲು ಮುಂದೆ ಬಂದಿವೆ. ಹಾಗಾಗಿ ಮೇಲಿನ ಕೋರೆಹಲ್ಲಿನ ಕೊಕ್ಕೆಯಿಂದ ಕೆಳಗಿನ ದವಡೆ ಹಲ್ಲಿನ ಕೊಕ್ಕೆಗೆ, ಎರಡೂ ಕಡೆ ಒಂದೊಂದು. ಕೆಳಗಿನ ಸಾಲು ಮುಂದಿರುವವರಿಗೆ ಇದೇ ತಿರುವುಮುರುವು. ಡಾಕ್ಟರ್ ಚೀಟಿಯಲ್ಲಿ ಮೊದಲನೆಯದಕ್ಕೆ ‘ಕ್ಲಾಸ್ 2’, ಎರಡನೆಯದಕ್ಕೆ ‘ಕ್ಲಾಸ್ 3’ ಅಂತ ಬರೆಯುತ್ತಾರೆ. ಅಮೆರಿಕದ ಎಡ್ವರ್ಡ್ ಆಂಗಲ್ ಅನ್ನುವ ದಂತವೈದ್ಯರು 1899ರಲ್ಲಿ ಮಾಡಿದ ವಿಂಗಡಣೆ ಅದು, ಇವತ್ತಿಗೂ ನಡೆಯುತ್ತಿದೆ.

ಕ್ಲಿಪ್ಪಿನ ತಂತಿ ಒಂದೇ ಸಾಲಿನ ಹಲ್ಲುಗಳನ್ನು ನೆಟ್ಟಗೆ ತರುತ್ತದೆ. ಎರಡು ಸಾಲು ಒಂದಕ್ಕೊಂದು ಕೂರಬೇಕಾದರೆ ಬ್ಯಾಂಡಿನ ಎಳೆತ ಬೇಕು. ಊಟಕ್ಕೆ, ಹಲ್ಲುಜ್ಜುವುದಕ್ಕೆ ಬಿಟ್ಟು ಉಳಿದ ಹೊತ್ತೆಲ್ಲ ಬಾಯಲ್ಲಿರಲಿ ಎಂದು ನಮ್ಮ ಡಾಕ್ಟರ್ ಹೇಳಿದ್ದಾರೆ. ಅಂದರೆ ದಿನಕ್ಕೆ 20ರಿಂದ 22 ಗಂಟೆ, ರಾತ್ರಿ ಮಲಗಿದಾಗಲೂ. ಎಳೆತದಿಂದ ಹಲ್ಲಿನ ಬೇರಿನ ಒಂದು ಪಕ್ಕದ ಮೂಳೆ ನಿಧಾನವಾಗಿ ಕರಗುತ್ತದೆ, ಇನ್ನೊಂದು ಪಕ್ಕದಲ್ಲಿ ಹೊಸ ಮೂಳೆ ಕಟ್ಟುತ್ತದೆ. ಇದಕ್ಕೆ ಜೋರು ಬಲ ಬೇಡ, ಬಿಡದೆ ಇರುವ ಸಣ್ಣ ಬಲ ಸಾಕು. ನಮ್ಮ ಪ್ಯಾಕೆಟ್ ಮೇಲೆ ಕಾಲಿಂಚು, 3.5 ಔನ್ಸ್ ಅಂತ ಇದೆ. ಕಾಲಿಂಚು ಅಂದರೆ ಎಳೆಯದೆ ಇರುವಾಗ ಒಳಗಿನ ಅಗಲ. ಅದನ್ನು ಮೂರರಷ್ಟು ಎಳೆದಾಗ ಸಿಗುವ ಬಲ 3.5 ಔನ್ಸ್, ಹತ್ತಿರಹತ್ತಿರ 100 ಗ್ರಾಂ. ಅಷ್ಟೇ.

ಈಗ ನಮ್ಮ ಕಡೆಯ ಮಾತಿಗೆ ಬರುತ್ತೇನೆ. ಮಲೆನಾಡಿನ ಮನೆಗಳಲ್ಲಿ ಬಾಯಿಗೆ ಬಿಡುವು ಎಲ್ಲಿದೆ? ಬೆಳಿಗ್ಗೆ ತಿಂಡಿ, ಹತ್ತೂವರೆಗೆ ಕಾಫಿ, ಮಧ್ಯಾಹ್ನ ಊಟ, ಸಂಜೆ ಮಳೆ ಹಿಡಿದರೆ ಹಲಸಿನ ಹಪ್ಪಳ. ಯಾರಾದರೂ ನೆಂಟರು ಬಂದರೆ ಮತ್ತೆ ಕೋಡುಬಳೆ ಡಬ್ಬಿ ಕೆಳಗಿಳಿಯುತ್ತದೆ. ‘ಒಂದು ತಿನ್ನು ಕೂಸೇ’ ಅಂತ ಪ್ರೀತಿಯಿಂದಲೇ ಕೊಡುತ್ತಾರೆ. ಪ್ರತಿ ಸಲ ಅವಳು ಎದ್ದು ಹೋಗಿ, ಕೈ ತೊಳೆದು, ಎರಡು ಬ್ಯಾಂಡ್ ತೆಗೆದು, ತಿಂದು, ಬಾಯಿ ಮುಕ್ಕಳಿಸಿ, ಕನ್ನಡಿ ಮುಂದೆ ನಿಂತು ಮತ್ತೆ ಸಿಕ್ಕಿಸಬೇಕು. ಹೀಗೆ ಹೋದ ಅರ್ಧರ್ಧ ಗಂಟೆಗಳನ್ನು ಕೂಡಿಸಿ ನೋಡಿ.

ಸಿಕ್ಕಿಸುವುದು ಸುಮ್ನೆ ಮಾತಲ್ಲ. ಪ್ಲಾಸ್ಟಿಕ್ಕಿನ ಸಣ್ಣ ಕಡ್ಡಿಯಿಂದ ಮೇಲಿನ ಕೊಕ್ಕೆಗೆ ಹಾಕಿ, ಬಾಯಿ ಅಗಲ ಮಾಡಿ, ಕೆನ್ನೆಯನ್ನು ಬೆರಳಲ್ಲಿ ಹಿಡಿದೆಳೆದು, ಹಿಂದಿನ ದವಡೆ ಹಲ್ಲಿನ ತನಕ ಎಳೆದೊಯ್ಯಬೇಕು. ಕೊಕ್ಕೆ ಕಣ್ಣಿಗೆ ಕಾಣುವುದೇ ಇಲ್ಲ. ಜಾರಿದರೆ ಚಟ್ ಅಂತ ವಸಡಿಗೆ ಹೊಡೆಯುತ್ತದೆ, ಕಣ್ಣಲ್ಲಿ ನೀರು ಬರುತ್ತದೆ. ಮದುವೆ ಛತ್ರದ ಬೇಸಿನ್ ಮುಂದೆ, ಹಿಂದೆ ಕೈ ತೊಳೆಯಲು ಸಾಲು ನಿಂತಿರುವಾಗ ಇದನ್ನು ಮಾಡಿ ಎಂದರೆ ಯಾವ ಹುಡುಗಿ ಮಾಡುತ್ತಾಳೆ?

ಅಲ್ಲೇ ಯಾರೋ ದೊಡ್ಡಮ್ಮ ಹೇಳುತ್ತಾರೆ, ‘ನಾಲ್ಕು ಜನ ನೋಡ್ತಾರೆ, ಇವತ್ತೊಂದು ದಿನ ತೆಗೆದಿಡೆ.’ ಈ ಮಾತು ನನಗೆ ತುಂಬಾ ಬೇಜಾರು ತರುತ್ತದೆ. ಮಗು ಅಂದ ಕಾಣಲಿ ಎಂದಲ್ಲವೇ ಸಾವಿರಗಟ್ಟಲೆ ಖರ್ಚು ಮಾಡುತ್ತಿರುವುದು? ಸರಿಯಾಗಿ ಅಗಿಯಲಿ ಎಂದೂ ಹೌದು. ಬೇಸಿಗೆಯಲ್ಲಿ ನಮ್ಮ ಕಡೆ ಮದುವೆ, ಉಪನಯನ, ಗೃಹಪ್ರವೇಶ ಒಂದರ ಹಿಂದೆ ಒಂದು. ಒಂದೊಂದು ದಿನ ಅಂತ ಬಿಟ್ಟರೆ ತಿಂಗಳೇ ಹೋಗುತ್ತದೆ. ಬಿಟ್ಟುಬಿಟ್ಟು ಹಾಕಿದರೆ ಹಲ್ಲು ಮೊದಲಿದ್ದ ಕಡೆಗೇ ವಾಪಸ್ ಸರಿಯುತ್ತದೆ. ಮೊದಲ ಎರಡು ಮೂರು ದಿನದ ನೋವು ಪ್ರತಿ ಸಲ ಹೊಸದಾಗಿ ಶುರುವಾಗುತ್ತದೆ. ಆ ನೋವು ತಿನ್ನುವುದು ಮಗುವೇ.

ಶಾಲೆಯದ್ದು ಇನ್ನೊಂದು ಕಥೆ. ಕ್ಲಾಸಿನಲ್ಲಿ ಬ್ಯಾಂಡ್ ತುಂಡಾಗಿ ಹೊಸದು ಹಾಕಲು ಹೊರಟ ಮಗಳನ್ನು ಟೀಚರ್ ‘ಏನು ಆಟ ಅದು’ ಎಂದು ನಿಲ್ಲಿಸಿದ್ದರು. ಪಾಪ, ಅವರಿಗೆ ಯಾರೂ ತಿಳಿಸಿರಲಿಲ್ಲ. ಇದನ್ನು ಡೈರಿಯಲ್ಲಿ ಬರೆದು ಕಳಿಸಿದರೆ ಸಾಕು, ದಯವಿಟ್ಟು ಬರೆದು ಕಳಿಸಿ.

ನಮ್ಮ ಅತ್ತೆಗೆ ವಿಷಯ ಅರ್ಥವಾಗಿದ್ದು ಮಾತಿನಿಂದಲ್ಲ. ಮಗಳು ಹಿಂದಿನ ದಿನದ ಬ್ಯಾಂಡನ್ನೂ ಹೊಸದನ್ನೂ ಅವರ ಅಂಗೈ ಮೇಲಿಟ್ಟಳು. ಹಳೆಯದು ಅಗಲವಾಗಿ, ಸೊರಗಿ ಬಿದ್ದಿತ್ತು. ಎಂಜಲಲ್ಲಿ ನೆನೆದು, ಎಳೆದು ಎಳೆದು ರಬ್ಬರಿನ ಬಲ ಮೊದಲ ಕೆಲವು ಗಂಟೆಗಳಲ್ಲೇ ಇಳಿಯುತ್ತದೆ. ಅದಕ್ಕೇ ದಿನವೂ ಹೊಸದು. ಅವತ್ತಿನಿಂದ ಊಟವಾದ ಮೇಲೆ ‘ಹಾಕ್ಕಂಡ್ಯಾ?’ ಅಂತ ಕೇಳುವವರು ಅತ್ತೆಯೇ.

ಮಕ್ಕಳಿಗೆ ಎರಡು ವಿಷಯ ಮಾತ್ರ ಗಟ್ಟಿಯಾಗಿ ಹೇಳಿ. ನಿನ್ನೆ ಬಿಟ್ಟೆ ಅಂತ ಇವತ್ತು ಒಂದೇ ಕಡೆಗೆ ಎರಡೆರಡು ಹಾಕಬಾರದು, ಬಲ ಜಾಸ್ತಿಯಾದರೆ ಬೇರಿಗೆ ಪೆಟ್ಟು. ಕ್ಲಿಪ್ ಇಲ್ಲದ ಹಲ್ಲಿಗೆ, ಸಂದು ಮುಚ್ಚುತ್ತದೆ ಅಂತ ಯಾರೋ ವಿಡಿಯೊದಲ್ಲಿ ತೋರಿಸಿದ್ದು ನೋಡಿ ಬ್ಯಾಂಡ್ ಸುತ್ತಲೇಬಾರದು. ಅದು ವಸಡಿನ ಒಳಗೆ ಜಾರಿ ಮೂಳೆ ತಿಂದು, ಹಲ್ಲೇ ಬಿದ್ದುಹೋದದ್ದುಂಟು. ಲ್ಯಾಟೆಕ್ಸ್, ಅಂದರೆ ಬ್ಯಾಂಡಿನ ರಬ್ಬರಿನ, ಅಲರ್ಜಿ ಇದ್ದರೆ ಡಾಕ್ಟರಿಗೆ ಮೊದಲೇ ಹೇಳಿ, ಲ್ಯಾಟೆಕ್ಸ್ ಇಲ್ಲದ ಬ್ಯಾಂಡೂ ಸಿಗುತ್ತದೆ.

ಡಾಕ್ಟರುಗಳಿಗೂ ಒಂದು ಕೋರಿಕೆ. ಹೊಸನಗರ, ಆಗುಂಬೆ ಕಡೆಯಿಂದ ಶಿವಮೊಗ್ಗಕ್ಕೆ ಬಸ್ ಹತ್ತಿ ಬರುವವರಿಗೆ ಒಂದೆರಡು ಪ್ಯಾಕೆಟ್ ಜಾಸ್ತಿಯೇ ಕೊಡಿ. ಆಷಾಢದ ಮಳೆಯಲ್ಲಿ ಮರ ಬಿದ್ದು ರಸ್ತೆ ಮುಚ್ಚಿದರೆ ನಮಗೆ ಬರಲಾಗುವುದಿಲ್ಲ, ಬ್ಯಾಂಡ್ ಖಾಲಿಯಾದ ಮನೆಯಲ್ಲಿ ಮಗು ಏನು ಮಾಡಬೇಕು? ಪೋಷಕರೇ, ನೀವೂ ಕೊನೆಯ ಬ್ಯಾಂಡ್ ತನಕ ಕಾಯಬೇಡಿ. ಪ್ಯಾಕೆಟ್ ಅರ್ಧವಾದಾಗಲೇ ಕ್ಲಿನಿಕ್ಕಿಗೆ ಫೋನ್ ಮಾಡಿ, ಊರ ಕಡೆ ಬರುವ ಬಸ್ಸಿನ ಕಂಡಕ್ಟರ್ ಕೈಯಲ್ಲಿ ತರಿಸಿಕೊಳ್ಳಿ.