ದರ ಆಮೇಲೆ ಕೇಳೋಣ

ಮಂಡ್ಯದ ಬೆಲ್ಲದ ಮಂಡಿಯಲ್ಲಿ ನನ್ನ ತಂದೆ ಮೊದಲು ದರ ಕೇಳಿದ್ದನ್ನು ನಾನು ಕಂಡಿಲ್ಲ. ಅಚ್ಚನ್ನು ಮುರಿದು, ಒಳಗಿನ ಹರಳು ನೋಡಿ, ಚೂರೊಂದನ್ನು ನಾಲಿಗೆಯ ಮೇಲೆ ಕರಗಲು ಬಿಡುತ್ತಿದ್ದರು. ಉಪ್ಪುಪ್ಪಾದರೆ ಚೌಳು ನೆಲದ ಕಬ್ಬು ಎಂದು ಪಕ್ಕಕ್ಕೆ ಸರಿಸುತ್ತಿದ್ದರು. ಹಳದಿಯಾಗಿ ಮಿನುಗುವ ಬೆಲ್ಲ ಕಂಡರೆ, ಬಣ್ಣ ತಿಳಿಯಾಗಿಸುವ ರಾಸಾಯನಿಕ ಹೈಡ್ರೋಸ್ ಸುರಿದಿದ್ದಾರೆಂಬ ಅನುಮಾನ. ದರದ ಮಾತು ಆಮೇಲೆ.

ಹನ್ನೊಂದು ವರ್ಷಗಳಿಂದ ನಾನಿರುವ ಜರ್ಮನಿಯ ಮೈಂಜ್ ಊರಿನಲ್ಲಿ ಜನ ವೈನ್ ಕೊಳ್ಳುವುದೂ ಹೀಗೆಯೇ. ಸುತ್ತಲಿನ ರೈನ್‌ಹೆಸ್ಸೆನ್ ಆ ದೇಶದ ಅತಿ ದೊಡ್ಡ ವೈನ್ ಸೀಮೆ. ಬೆಳೆಗಾರರ ಮನೆಗೇ ಹೋದರೆ ಗುಟುಕು ಗುಟುಕಾಗಿ ಆರೇಳು ಬಗೆ ರುಚಿಗೆ ಕೊಡುತ್ತಾರೆ. ಒಂದು ಲೀಟರ್ ಬಾಟಲಿಯಲ್ಲಿ ಬರುವ ದಿನಬಳಕೆಯ ರೀಸ್ಲಿಂಗ್ ಅಥವಾ ಸಿಲ್ವಾನರ್ ಎಂಬ ಬಿಳಿ ವೈನನ್ನು ಕೊಂಡೊಯ್ಯಲು ಯಾರಿಗೂ ಸಂಕೋಚವಿಲ್ಲ.

ಕಳೆದ ದಸರೆಗೆ ಅಕ್ಕನ ಮನೆಗೆಂದು ಮೈಸೂರಿಗೆ ಬಂದಾಗ ವೈನ್ ಅಂಗಡಿಯವರು ಕೇಳಿದ ಮೊದಲ ಪ್ರಶ್ನೆ, ‘ಎಷ್ಟರದ್ದು ಕೊಡಲಿ?’ ಬಿಳಿ ವೈನ್ ಬಾಟಲಿಗಳು ಬಿಸಿಲು ಬೀಳುವ ಗಾಜಿನ ಹಿಂದೆ ನಿಂತಿದ್ದವು. ಬಿಸಿಲಿಗೆ ವೈನ್ ಕೆಡುತ್ತದೆ, ಅದನ್ನು ನೋಡಿ ನನಗೆ ನಿಜವಾಗಿ ಸಂಕಟವಾಯಿತು. ನಂದಿ ಬೆಟ್ಟದ ತಪ್ಪಲಿನಲ್ಲೇ ದ್ರಾಕ್ಷಿ ಬೆಳೆದು ವೈನ್ ಮಾಡುವ ನಾಡು ನಮ್ಮದು. 2007ರಲ್ಲೇ ಸರ್ಕಾರ ವೈನ್ ನೀತಿ ತಂದಿದೆ. ಆದರೂ ಇಂಥ ಅಂಗಡಿಯಲ್ಲಿ ಕೊಳ್ಳುವವನಿಗೆ ಒಂದು ಗುಟುಕು ರುಚಿ ನೋಡುವ ಅವಕಾಶವಿಲ್ಲ.

1000 ರೂಪಾಯಿಯೊಳಗಿನ ನಾಲ್ಕು ಬಾಟಲಿ ಬಿಳಿ ವೈನ್ ತಂದು, ಹೆಸರು ಕಾಣದಂತೆ ಪತ್ರಿಕೆಯ ಹಾಳೆ ಸುತ್ತಿ, ಮೇಲೆ ಅಂಕಿ ಬರೆದೆ. ಫ್ರಿಜ್‌ನಿಂದ ತೆಗೆದ ತಕ್ಷಣ ಸುರಿಯಲು ಹೊರಟ ಭಾವನನ್ನು ತಡೆದೆ. ತೀರಾ ತಣ್ಣಗಿದ್ದರೆ ಪರಿಮಳವೂ ಏಳುವುದಿಲ್ಲ, ದೋಷವೂ ಸಿಕ್ಕಿಬೀಳುವುದಿಲ್ಲ. 8ರಿಂದ 10 ಡಿಗ್ರಿಗೆ ಬಂದಾಗ ಬಿಳಿ ವೈನ್ ಬಾಯಿ ಬಿಡುತ್ತದೆ. ಅಗ್ಗದ ವೈನಿಗೆ ಐಸ್ ಹಾಕುವ ನಮ್ಮ ಅಭ್ಯಾಸ ಬಿಡಬೇಕೆಂದು ನಾನು ಹಟ ಹಿಡಿಯುವುದು ಇದಕ್ಕೇ.

ಮೊದಲನೆಯದು ಸೋವಿನ್ಯೋ ಬ್ಲಾಂಕ್ ಎಂಬ ದ್ರಾಕ್ಷಿ ತಳಿಯದು. ಹಸಿ ಹುಲ್ಲಿನ, ನಿಂಬೆ ಸಿಪ್ಪೆಯ ವಾಸನೆ. ‘ಹುಳಿಯಾಗಿದೆ, ಕೆಟ್ಟಿರಬೇಕು’ ಎಂದರು ಭಾವ. ‘ಹುಳಿಯೇ ಅದರ ಬೆನ್ನೆಲುಬು ಭಾವ, ಹುಣಸೆಯಿಲ್ಲದ ಸಾರು ಉಣ್ಣುತ್ತೀರಾ?’ ಎಂದೆ. ನಿಜವಾಗಿ ಕೆಟ್ಟದ್ದು ಮೂರನೆಯದು: ಹೆಚ್ಚಿಟ್ಟು ಕಂದಿದ ಸೇಬಿನ ವಾಸನೆ, ಬಣ್ಣವೂ ಮಾಸಲು. ನಾಲ್ಕನೆಯದು ನೀರು ನೀರು, ನುಂಗಿದ ಮೇಲೆ ನಾಲಿಗೆಯಲ್ಲಿ ಏನೂ ಉಳಿಯಲಿಲ್ಲ. ಎರಡನೆಯದು ಅಕ್ಕ ಮಾಡಿದ ಮೆಣಸಿನ ಕೋಳಿಯೊಂದಿಗೆ ಹೊಂದಿಕೊಂಡಿತು. ಅದರ ತೆಳು ಸಿಹಿ ಖಾರವನ್ನು ತಣಿಸಿ, ಹುಳಿ ಎಣ್ಣೆಯ ಜಿಡ್ಡನ್ನು ತೊಳೆಯುತ್ತಿತ್ತು. ನಾನು ಕೇಳದೆಯೇ ಭಾವ ಎರಡನೆಯ ಸಲ ಲೋಟ ಮುಂದೆ ಚಾಚಿದರು. ಹಾಳೆ ಬಿಚ್ಚಿದರೆ ಶೆನಿನ್ ಬ್ಲಾಂಕ್ ಎಂಬ ಇನ್ನೊಂದು ತಳಿಯದು, ನಾಲ್ಕರಲ್ಲಿ ಎಲ್ಲಕ್ಕಿಂತ ಅಗ್ಗದ್ದು.

ಕೊಟ್ಟ ಹಣಕ್ಕೆ ಬಾಳುತ್ತದೆಯೇ ಎಂದು ತಿಳಿಯಲು ಆ ಎರಡನೆಯ ಲೋಟಕ್ಕಿಂತ ಒಳ್ಳೆಯ ಅಳತೆ ನನಗೆ ಗೊತ್ತಿಲ್ಲ. ಮನಸ್ಸಿಗೆ ಚುಚ್ಚುವುದು ಮೂರನೆಯ ಬಾಟಲಿ. ಅದರ ಹಿಂದಿನ ಬೆಳೆಗಾರನ ದುಡಿಮೆಯನ್ನು ಹಾಳುಮಾಡಿದ್ದು ಅಂಗಡಿಯ ಬಿಸಿಲೇ ಇರಬೇಕು. ಈಗ ಭಾವ ಅಂಗಡಿಗೆ ಹೋದರೆ, ಒಳಗಿನ ನೆರಳಿನ ಕಪಾಟಿನಿಂದ ತೆಗೆದುಕೊಡಿ ಎಂದು ಕೇಳುತ್ತಾರಂತೆ.