ಗವಸು ಹಾಕದೆ ಕೊಯ್ಯುವ ಸರ್ಜನ್ ಬೇಕಾಗಿದ್ದಾರೆ

ಆರೋಗ್ಯ ವಿಮೆಯ ಪಾಲಿಸಿಯನ್ನು ಹಿಂದಿನಿಂದ ಮುಂದಕ್ಕೆ ಓದಬೇಕು. ಮುಖಪುಟದಲ್ಲಿ ಹಲ್ಲು ಬಿಟ್ಟು ನಗುವ ಗಂಡ, ಹೆಂಡತಿ, ಎರಡು ಮಕ್ಕಳು. ಹಿಂಬದಿಯ ಅನುಬಂಧದಲ್ಲಿ, ಇರುವೆ ಸಾಲಿನಂಥ ಅಕ್ಷರಗಳಲ್ಲಿ, ಕಂಪನಿ ದುಡ್ಡು ಕೊಡದ 68 ಬಾಬತ್ತುಗಳು. ಗವಸು ಅದರಲ್ಲಿದೆ. ಮಾಸ್ಕ್ ಇದೆ. ಥರ್ಮಾಮೀಟರ್ ಇದೆ. ಇಸಿಜಿಗೆ ಎದೆಯ ಮೇಲೆ ಅಂಟಿಸುವ ಎಲೆಕ್ಟ್ರೋಡ್ ಕೂಡ ಇದೆ. ಅಂದರೆ ಹೃದಯದ ಪರೀಕ್ಷೆಗೆ ವಿಮೆ ಉಂಟು, ಹೃದಯಕ್ಕೂ ಯಂತ್ರಕ್ಕೂ ನಡುವಿನ ಸಂಬಂಧಕ್ಕೆ ಇಲ್ಲ. ಶವಾಗಾರದ ಬಾಡಿಗೆಯೂ ಇದೇ ಪಟ್ಟಿಯಲ್ಲಿದೆ. ಅಲ್ಲಿಗೆ ಹೋದವರು ಬಿಲ್ಲಿನ ಬಗ್ಗೆ ತಕರಾರು ಮಾಡುವುದಿಲ್ಲವೆಂಬ ಭರವಸೆ ಇರಬೇಕು.

ಈ ಸಣ್ಣಪುಟ್ಟವೆಲ್ಲ ಸೇರಿ ದೊಡ್ಡ ಆಪರೇಷನ್ನಿನ ಬಿಲ್ಲಿನಲ್ಲಿ ಗಣನೀಯ ಮೊತ್ತವಾಗುತ್ತವೆ. ಸ್ವಲ್ಪ ಹೆಚ್ಚಿನ ಪ್ರೀಮಿಯಂ ಕಟ್ಟಿದರೆ ‘ಕನ್ಸ್ಯೂಮಬಲ್ಸ್’ ರೈಡರ್ ಎಂಬ ಹೆಸರಿನಲ್ಲಿ ಗವಸೂ ಸಿಗುತ್ತದೆ. ಚಪ್ಪಲಿ ಮಾರಿ, ಉಂಗುಷ್ಠಕ್ಕೆ ಬೇರೆ ಬೆಲೆ ಹೇಳಿದ ಹಾಗೆ.

ಇನ್ನು ರೂಮಿನ ಲೆಕ್ಕ. ಇದೊಂದು ಅದ್ಭುತ. 5 ಲಕ್ಷದ ಪಾಲಿಸಿ, ರೂಮ್ ಬಾಡಿಗೆಯ ಮಿತಿ ವಿಮಾ ಮೊತ್ತದ ಶೇ. 1, ಅಂದರೆ ದಿನಕ್ಕೆ 5,000 ರೂಪಾಯಿ ಎಂದುಕೊಳ್ಳಿ. ಹೊಟ್ಟೆ ಹಿಡಿದುಕೊಂಡು ಬಂದವರಿಗೆ ಆಸ್ಪತ್ರೆಯಲ್ಲಿ ಸಿಕ್ಕಿದ್ದು 8,000ದ ರೂಮು. ನಾಲ್ಕು ದಿನಕ್ಕೆ ಹೆಚ್ಚುವರಿ 12,000 ತಾನೇ, ಕೈಯಿಂದ ಕೊಟ್ಟರಾಯಿತು ಎಂದು ಮನೆಯವರು ಸಹಿ ಹಾಕುತ್ತಾರೆ. ಕಂಪನಿಯ ಗಣಿತವೇ ಬೇರೆ. ಎಂಟರಲ್ಲಿ ಐದು, ಅಂದರೆ ಶೇ. 62.5. ಸರ್ಜನ್, ಅರಿವಳಿಕೆ, ಆಪರೇಷನ್ ಥಿಯೇಟರ್, ನರ್ಸಿಂಗ್ ಎಲ್ಲಕ್ಕೂ ಅದೇ ಕತ್ತರಿ. ಇವೆಲ್ಲ ಸೇರಿ 1,60,000 ಆಗಿದ್ದರೆ ಕೊಡುವುದು ಒಂದೇ ಲಕ್ಷ. 32,000ದ ಬಾಡಿಗೆಗೆ 20,000. ಒಟ್ಟು 72,000 ಖೋತಾ. ಹೊಟ್ಟೆ ಅದೇ, ಕಲ್ಲು ಅದೇ, ಚಾಕು ಅದೇ. ಆದರೆ ಕಿಟಕಿಗೆ ಪರದೆ ಇದ್ದ ರೂಮಿನಲ್ಲಿ ಮಲಗಿದ ಪಾಪಕ್ಕೆ ಸರ್ಜನ್‌ನ ಶುಲ್ಕದಲ್ಲೂ ದಂಡ.

ಇಷ್ಟಾದರೂ ಕತ್ತರಿ ಎಲ್ಲ ಕಡೆ ಆಡುವಂತಿಲ್ಲ. ಔಷಧ, ಇಂಪ್ಲಾಂಟ್, ಲ್ಯಾಬು-ಸ್ಕ್ಯಾನುಗಳ ಖರ್ಚಿಗೆ ಈ ಅನುಪಾತ ಅನ್ವಯಿಸಬಾರದು; ಐಸಿಯು ಶುಲ್ಕಕ್ಕೂ ಇಲ್ಲ. ರೂಮಿನ ದರ್ಜೆ ನೋಡಿ ದರ ಬದಲಿಸದ ಆಸ್ಪತ್ರೆಯಾಗಿದ್ದರೆ ಅನುಪಾತದ ಮಾತೇ ಎತ್ತುವಂತಿಲ್ಲ. ಬಿಲ್ಲನ್ನು ಸಾಲುಸಾಲಾಗಿ ನೋಡಿದವರಿಗೆ ಮಾತ್ರ ಇದು ಕಾಣುತ್ತದೆ. ಡಿಸ್ಚಾರ್ಜ್ ದಿನ ಅಂಥ ಸಹನೆ ಯಾರಿಗಿರುತ್ತದೆ?

ಡಿಸ್ಚಾರ್ಜ್ ಎಂದ ಕೂಡಲೇ ನೆನಪಾಯಿತು. 2024ರ ಮೇ ತಿಂಗಳಲ್ಲಿ ವಿಮಾ ಕಂಪನಿಗಳ ನಿಯಂತ್ರಣ ಪ್ರಾಧಿಕಾರವಾದ ಐಆರ್‌ಡಿಎಐ ಹೊರಡಿಸಿದ ಸುತ್ತೋಲೆಯ ಪ್ರಕಾರ ಕ್ಯಾಶ್‌ಲೆಸ್ (ಕಂಪನಿಯೇ ನೇರ ಆಸ್ಪತ್ರೆಗೆ ದುಡ್ಡು ಕಟ್ಟುವ) ಮನವಿಗೆ ಒಂದು ಗಂಟೆಯಲ್ಲಿ, ಡಿಸ್ಚಾರ್ಜ್ ಅನುಮತಿಗೆ ಮೂರು ಗಂಟೆಯಲ್ಲಿ ಉತ್ತರ ಕೊಡಬೇಕು. ತಡವಾಗಿ ಆಸ್ಪತ್ರೆ ಹೆಚ್ಚುವರಿ ಶುಲ್ಕ ಹಾಕಿದರೆ ಅದು ಕಂಪನಿಯ ತಲೆಗೆ. ಕೇಳಲು ಹಿತ. ಆದರೆ ಆ ಗಡಿಯಾರ ಓಡುವುದು ಡಾಕ್ಟರು ‘ಮನೆಗೆ ಹೋಗಿ’ ಅಂದಾಗಿನಿಂದಲ್ಲ, ಆಸ್ಪತ್ರೆಯಿಂದ ಕೋರಿಕೆ ತಲುಪಿದಾಗಿನಿಂದ. ಬಿಲ್ಲಿಂಗ್ ಕೌಂಟರಿನವರು ಕಡತ ಕಳಿಸುವವರೆಗೆ ಕಾಲ ಹುಟ್ಟಿಯೇ ಇರುವುದಿಲ್ಲ. ಕಳಿಸಿದ ಮೇಲೆ ನಡುವೆ ಟಿಪಿಎ, ಅಂದರೆ ಕಂಪನಿಯ ಪರವಾಗಿ ಕ್ಲೇಮು ನೋಡುವ ಮಧ್ಯವರ್ತಿ ಸಂಸ್ಥೆ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆ ಕಟ್ಟಿದವರು ಟಿಪಿಎಯನ್ನು ನೋಡದೆಯೇ ಕಟ್ಟಿದ್ದಾರೆ ಎಂದರೆ ನಂಬುವುದು ಕಷ್ಟ.

ಇಷ್ಟೆಲ್ಲ ದಾಟಿದವರನ್ನು ಕೆಡವುವುದು ಒಂದು ಸಾಲು. ಭರ್ತಿ ಮಾಡಿಕೊಳ್ಳುವಾಗ ಡ್ಯೂಟಿ ಡಾಕ್ಟರು ಕೇಳುತ್ತಾರೆ: ‘ಬಿಪಿ ಎಷ್ಟು ವರ್ಷದಿಂದ?’ ರೋಗಿಗೆ ಎಚ್ಚರವಿಲ್ಲ. ಜೊತೆಗೆ ಬಂದ ಭಾವಮೈದ ತನ್ನ ಜ್ಞಾನ ತೋರಿಸುತ್ತಾನೆ: ‘ಏನೋ, ನಾಲ್ಕೈದು ವರ್ಷ ಇರಬಹುದು.’ ಕೇಸ್ ಶೀಟಿನಲ್ಲಿ ‘ಏನೋ’ ಬರುವುದಿಲ್ಲ, ‘ಇರಬಹುದು’ ಬರುವುದಿಲ್ಲ. ‘5 ವರ್ಷ’ ಬರುತ್ತದೆ. ಪಾಲಿಸಿಗೆ ಮೂರು ವರ್ಷ. ಅಲ್ಲಿಗೆ ಮುಗಿಯಿತು, ಮಾಹಿತಿ ಮುಚ್ಚಿಟ್ಟ ಆರೋಪ ಸಿದ್ಧ. ಪ್ರಪೋಸಲ್ ಫಾರಂ ತುಂಬಿದ ಏಜೆಂಟರು ಎಲ್ಲ ರೋಗಗಳ ಮುಂದೆ ‘ಇಲ್ಲ’ ಎಂದು ಗೀಚಿರುತ್ತಾರೆ, ಕೆಳಗಿನ ಸಹಿ ನಿಮ್ಮದು. ಅದಕ್ಕೇ ಪಾಲಿಸಿ ಕೈಸೇರಿದ 30 ದಿನದ ಫ್ರೀ ಲುಕ್ (ಬೇಡವೆನಿಸಿದರೆ ಪಾಲಿಸಿ ಹಿಂದಿರುಗಿಸಬಹುದಾದ) ಅವಧಿಯೊಳಗೆ ಆ ಫಾರಂನ ಪ್ರತಿ ತೆರೆದು ನೋಡಿ, ತಪ್ಪಿದ್ದರೆ ಬರವಣಿಗೆಯಲ್ಲೇ ತಿದ್ದಿಸಬೇಕು. ಕೇಸ್ ಶೀಟಿನ ತಪ್ಪಿಗೆ ಮದ್ದೆಂದರೆ, ರೋಗ ಯಾವಾಗ ಪತ್ತೆಯಾಯಿತೆಂದು ಹಳೆಯ ಚೀಟಿಗಳನ್ನು ನೋಡಿ ಚಿಕಿತ್ಸೆ ಕೊಟ್ಟ ವೈದ್ಯರು ಬರೆದುಕೊಡುವ ಪತ್ರ. ಮೊದಲೇ ಇದ್ದ ರೋಗಕ್ಕೆ ಕಾಯುವ ಅವಧಿ, ಅಂದರೆ ಕಂಪನಿ ಅದಕ್ಕೆ ದುಡ್ಡು ಕೊಡದ ಆರಂಭದ ಕಾಲ, ಹೆಚ್ಚೆಂದರೆ 36 ತಿಂಗಳು. ಸತತ 60 ತಿಂಗಳು ಪಾಲಿಸಿ ನಡೆಸಿದವರ ಮೇಲೆ ವಂಚನೆ ಸಾಬೀತಾಗದ ಹೊರತು ಈ ತಕರಾರು ನಡೆಯುವುದಿಲ್ಲ.

ನಿರಾಕರಣೆ ಪತ್ರ ಬಂದಾಗ ಮೊದಲು ಹುಡುಕಬೇಕಾದ್ದು ಷರತ್ತಿನ ಸಂಖ್ಯೆ. ‘ಪಾಲಿಸಿಯ ನಿಯಮಗಳ ಅನ್ವಯ’ ಎಂದಷ್ಟೇ ಹೇಳಿದರೆ ಸಾಲದು, ಯಾವ ನಿಯಮ ಎಂದು ಹೇಳಬೇಕು. ಕಂಪನಿಯ ದೂರು ಅಧಿಕಾರಿಗೆ ಬರೆದು ಒಂದು ತಿಂಗಳಾದರೂ ಉತ್ತರವಿಲ್ಲ, ಅಥವಾ ‘ವಿಷಾದಿಸುತ್ತೇವೆ’ ಎಂದು ಬಂದರೆ, ಒಂದು ವರ್ಷದೊಳಗೆ ಇಂಥ ದೂರುಗಳನ್ನು ಇತ್ಯರ್ಥ ಮಾಡುವ ವಿಮಾ ಒಂಬುಡ್ಸ್‌ಮನ್ ಬಳಿ ಹೋಗಬಹುದು. ಕರ್ನಾಟಕದವರಿಗೆ ಕಚೇರಿ ಬೆಂಗಳೂರಿನಲ್ಲಿ. 50 ಲಕ್ಷದವರೆಗೆ ಅಧಿಕಾರ, ಶುಲ್ಕ ಸೊನ್ನೆ, ವಕೀಲರಿಗೆ ಪ್ರವೇಶವಿಲ್ಲ. ವಕೀಲರಿಲ್ಲದ್ದರಿಂದಲೋ ಏನೋ, ಜನಕ್ಕೆ ಇದು ನ್ಯಾಯದ ಜಾಗ ಅನ್ನಿಸುವುದೇ ಇಲ್ಲ.

ಗ್ರಾಹಕ ಆಯೋಗಕ್ಕೆ ಎರಡು ವರ್ಷದ ಗಡುವು. ಪ್ರೀಮಿಯಂ 5 ಲಕ್ಷದೊಳಗಿದ್ದರೆ ಅಲ್ಲಿಯೂ ಶುಲ್ಕವಿಲ್ಲ. ಕಂಪನಿ ಉತ್ತರ ಸಲ್ಲಿಸಲು 30 ದಿನ, ಮೇಲೆ ಹೆಚ್ಚೆಂದರೆ 15. ಅದರಾಚೆಗೆ ಒಂದು ದಿನವೂ ಕೊಡುವಂತಿಲ್ಲವೆಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2020ರಲ್ಲಿ ಹೇಳಿಯಾಗಿದೆ. ಮೂರು ತಿಂಗಳಲ್ಲಿ ಇತ್ಯರ್ಥಕ್ಕೆ ಯತ್ನಿಸಬೇಕೆಂದು ಕಾಯ್ದೆಯೂ ಹೇಳುತ್ತದೆ; ಕಾಯ್ದೆಯ ಕ್ಯಾಲೆಂಡರಿನಲ್ಲಿ ತಿಂಗಳುಗಳು ಉದ್ದ. ಗೆದ್ದವನು ಸೋತ, ಸೋತವನು ಸತ್ತ ಎಂಬ ಮಾತಿಗೆ ನಡುವೆ ವಾಯಿದೆ ಕೇಳಿದವನ ಹೆಸರು ಸೇರಿಸಲು ಹಿರಿಯರು ಮರೆತಿದ್ದಾರೆ.

ಅಲ್ಲಿ ಕಂಪನಿಯ ವಕೀಲರು ಜೋಪಾನವಾಗಿ ಹೊರತೆಗೆಯುವುದು ಭಾವಮೈದನ ಆ ‘5 ವರ್ಷ’ವನ್ನು. ಮುಚ್ಚಿಟ್ಟಿದ್ದನ್ನು ಸಾಬೀತುಪಡಿಸುವ ಹೊಣೆ ಕಂಪನಿಯದು, ಆದ್ದರಿಂದ ಸಾಲು ಬರೆದ ಡ್ಯೂಟಿ ಡಾಕ್ಟರರ ಅಫಿಡವಿಟ್ ಎಲ್ಲಿ ಎಂದು ಕೇಳಬೇಕು. ಅಷ್ಟು ಹೊತ್ತಿಗೆ ಅವರು ಎಂಡಿ ಮುಗಿಸಿ ಮೂರನೆಯ ಆಸ್ಪತ್ರೆಯಲ್ಲಿರುತ್ತಾರೆ, ಆ ರಾತ್ರಿ ಬಂದ ರೋಗಿ ಯಾರೆಂಬುದೇ ಅವರಿಗೆ ನೆನಪಿರುವುದಿಲ್ಲ. ಭಾವಮೈದ ಮಾತ್ರ ಪ್ರತಿ ವಾಯಿದೆಗೂ ತಪ್ಪದೆ ಬಂದು, ಹಿಂದಿನ ಬೆಂಚಿನಲ್ಲಿ ಕೂತು, ‘ಬಿಪಿ ಅಲ್ಲ, ಶುಗರ್ ಅಂದಿದ್ದೆ ಅನ್ಸುತ್ತೆ’ ಅನ್ನುತ್ತಿರುತ್ತಾನೆ.